ಕೌದಿ ಹೊದೆದ ಟೈರುಗಳು

ಜುಲೈ ತಿಂಗಳಲ್ಲಿ, ಡರ್ಹಮ್ಮಿನ ಡಾಂಬರು ಚಪ್ಪಲಿಗೆ ಅಂಟುವಷ್ಟು ಬಿಸಿಲಿರುವಾಗಲೂ, ಗುರುಸಿದ್ದಪ್ಪನವರು ನಡೆಯುವುದು ಹಿಮಗಡ್ಡೆಯ ಮೇಲೆ ನಡೆಯುವವರ ಹಾಗೆ. ಪಾದವನ್ನು ಪೂರ್ತಿ ಚಪ್ಪಟೆಯಾಗಿ ಊರಿ, ಮೊಣಕಾಲನ್ನು ತುಸುವೇ ಬಾಗಿಸಿ, ಒಂದೊಂದು ಸಲಕ್ಕೆ ಅರ್ಧ ಹೆಜ್ಜೆಯನ್ನಷ್ಟೇ ಮುಂದಿಟ್ಟು, ಎರಡೂ ಕೈಗಳನ್ನು ಜೇಬಿನಿಂದ ಹೊರಗೇ ಇಟ್ಟುಕೊಂಡು ಅವರು ನಮ್ಮ ಬಡಾವಣೆಯ ಇಳಿಜಾರಿನಲ್ಲಿ ಬರುತ್ತಿದ್ದರೆ, ಹೊಸದಾಗಿ ಬಂದವರು ಪಾಪ, ಮಂಡಿನೋವು ಎಂದುಕೊಳ್ಳುತ್ತಿದ್ದರು. ಮಂಡಿ ಅವರಿಗೆ ಇಂದಿಗೂ ಗಟ್ಟಿಯಾಗಿದೆ. ಮಿನಿಸೋಟಾದ ಡುಲೂತ್ ಎಂಬ ಊರಿನಲ್ಲಿ ಇಪ್ಪತ್ತಾರು ಚಳಿಗಾಲ ಕಳೆದವರು ಅವರು. ಅಲ್ಲಿಯ ನೆಲ ಅವರ ಕಾಲಿಗೆ ಕಲಿಸಿದ್ದನ್ನು ಕ್ಯಾರೊಲೈನಾದ ಬಿಸಿಲಿಗೆ ಮರೆಸಲು ಆಗಲಿಲ್ಲ.

ಕಾಲಿನಂತೆಯೇ ಅವರ ಕೋಟು. ಪಾಚಿ ಬಣ್ಣದ, ಟೊಪ್ಪಿಗೆಯ ಅಂಚಿಗೆ ಕೃತಕ ತುಪ್ಪಳವಿದ್ದ ದಪ್ಪ ಕೋಟೊಂದು ಅಕ್ಟೋಬರ್ ಬರುತ್ತಿದ್ದಂತೆ ಬಾಗಿಲ ಹಿಂದಿನ ಗೂಟಕ್ಕೆ ಬಂದು ನೇತುಬೀಳುತ್ತಿತ್ತು. ನಾವೆಲ್ಲ ತೆಳುವಾದ ಸ್ವೆಟರಿನಲ್ಲಿ ಓಡಾಡುವಾಗ ಅವರು ಅದನ್ನು ತೊಟ್ಟು ಬೆವರುತ್ತಿದ್ದರು. ಅದರ ಬಲಜೇಬಿನಲ್ಲಿ ಕಾಲು ಡಾಲರಿನ ನಾಣ್ಯವೊಂದು ಸದಾ ಇರುತ್ತಿತ್ತು. ಖರ್ಚಿಗಲ್ಲ, ಟೈರಿನ ಗೀರುಗಳಲ್ಲಿ ಅದನ್ನು ತೂರಿಸಿ ಎಷ್ಟು ಆಳ ಉಳಿದಿದೆ ಎಂದು ಅಳೆಯಲಿಕ್ಕೆ.

ಬಾಗಲಕೋಟೆಯ ಕಡೆಯವರು. ವೃತ್ತಿಯಿಂದ ಸೇತುವೆಗಳನ್ನು ಪರೀಕ್ಷಿಸುವ ಇಂಜಿನಿಯರು; ಕಾಂಕ್ರೀಟಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಇದಕ್ಕಿನ್ನು ಇಷ್ಟು ವರ್ಷ ಆಯುಸ್ಸು ಎಂದು ಬರೆದುಕೊಡುವುದು ಅವರ ಕೆಲಸವಾಗಿತ್ತು. ಹೆಂಡತಿ ಚನ್ನಮ್ಮನವರ ಮೂತ್ರಪಿಂಡಗಳು ಸೋಲತೊಡಗಿದಾಗ, ಒಳ್ಳೆಯ ವೈದ್ಯರಿದ್ದಾರೆಂದು ಕೇಳಿ, 2013ರಲ್ಲಿ ಡರ್ಹಮ್ಮಿಗೆ ಬಂದರು. ಮಕ್ಕಳಿರಲಿಲ್ಲ. 2018ರಿಂದ ಚನ್ನಮ್ಮನವರಿಗೆ ಡಯಾಲಿಸಿಸ್ ಶುರುವಾಯಿತು: ಮಂಗಳವಾರ, ಗುರುವಾರ, ಶನಿವಾರ ಬೆಳಗ್ಗೆ ನಾಲ್ಕು ತಾಸು ಕುರ್ಚಿಯಲ್ಲಿ ಒರಗಿ, ರಕ್ತವನ್ನು ಯಂತ್ರದಿಂದ ತೊಳೆಸಿಕೊಂಡು ಬರಬೇಕು. ಭಾನುವಾರ ಕೇಂದ್ರಕ್ಕೆ ರಜೆ, ಸೋಮವಾರ ಬೇರೆಯವರ ಸರದಿ. ಆದ್ದರಿಂದ ಶನಿವಾರವೊಂದು ತಪ್ಪಿದರೆ ಗುರುವಾರದಿಂದ ಸೇರಿದ ನೀರೂ ವಿಷವೂ ಮಂಗಳವಾರದವರೆಗೆ ಮೈಯಲ್ಲೇ ನಿಲ್ಲುತ್ತವೆ. ಅಷ್ಟು ದಿನವನ್ನು ಆ ದುರ್ಬಲ ಹೃದಯ ತಡೆಯಲಾರದೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಆ ಮಾತನ್ನು ಕೇಳಿದ ದಿನದಿಂದ ಗುರುಸಿದ್ದಪ್ಪನವರ ಬದುಕೆಲ್ಲ ಆ ಕೇಂದ್ರಕ್ಕೆ ಹೋಗುವ ಹನ್ನೊಂದು ಮೈಲಿಯ ಒಂದು ರಸ್ತೆಯಾಯಿತು.

ನಮ್ಮೂರಿನಲ್ಲಿ ಹಿಮ ಬೀಳುವುದು ಅಪರೂಪ. ಬಿದ್ದರೆ ಎರಡು ಅಂಗುಲ. ಆದರೆ ಆ ಎರಡು ಅಂಗುಲಕ್ಕೇ ಶಾಲೆ ಮುಚ್ಚುತ್ತದೆ, ಅಂಗಡಿಗಳಲ್ಲಿ ಹಾಲು ಬ್ರೆಡ್ಡು ಮಾಯವಾಗುತ್ತದೆ, ರಸ್ತೆಯ ಬದಿಯ ಚರಂಡಿಗಳಲ್ಲಿ ಕಾರುಗಳು ಸಾಲಾಗಿ ಮಗುಚಿಕೊಳ್ಳುತ್ತವೆ. ಚಳಿಗಾಲಕ್ಕೆಂದೇ ಬೇರೆ ಟೈರು ಇಟ್ಟುಕೊಂಡವರು ಇಡೀ ಬಡಾವಣೆಯಲ್ಲಿ ಇವರೊಬ್ಬರೇ. ಡುಲೂತಿನಿಂದ ತಂದ ನಾಲ್ಕು ಟೈರುಗಳು. ಎಂಥ ಥಂಡಿಯಲ್ಲೂ ಗಡುಸಾಗದ ಮೆದು ರಬ್ಬರು. ಬೆಚ್ಚನೆಯ ರಸ್ತೆಯಲ್ಲಿ ಓಡಿಸಿದರೆ ಆ ಮೆದು ರಬ್ಬರು ಸವೆದುಹೋಗುತ್ತದೆಂದು ಅವನ್ನು ಅವರು ಹಾಕುತ್ತಿದ್ದುದು ಹವಾಮಾನದವರು ಹಿಮ ಎಂದ ದಿನದ ಹಿಂದಿನ ಸಂಜೆ. ಹಿಮ ಕರಗಿದ ಮರುದಿನ ಮತ್ತೆ ಜ್ಯಾಕು ಎತ್ತಿ, ನಾಲ್ಕನ್ನೂ ಬಿಚ್ಚಿ, ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಗ್ಯಾರೇಜಿನ ಮೂಲೆಯಲ್ಲಿ ಒಂದರ ಮೇಲೊಂದಿಟ್ಟು ಮೇಲೆ ಕೌದಿ ಹೊದಿಸುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಚನ್ನಮ್ಮನವರೇ ಕೈಯಿಂದ ಹೊಲಿದ ಕೌದಿ ಅದು.

“ನೋಡ್ರಿ, ನಾ ಹೊದಿಯಾಕಂತ ಹೊಲಿದಿದ್ದು, ತಂದು ಅವಕ್ಕ ಹೊಚ್ಚ್ಯಾರ,” ಎಂದು ಚನ್ನಮ್ಮನವರು ನನ್ನ ಹೆಂಡತಿ ಶ್ರೀಲತಾಳ ಮುಂದೆ ದೂರು ಹೇಳುತ್ತಿದ್ದರು. ದೂರಿನೊಳಗೆ ಹೆಮ್ಮೆ ಇರುತ್ತಿತ್ತು; ಆ ಟೈರುಗಳು ಯಾರಿಗಾಗಿ ಎಂಬುದು ಆಕೆಗೆ ಗೊತ್ತಿತ್ತು. ನಾನಂತೂ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅವರ ಟೈರುಪೂಜೆಯನ್ನು ಅಭಿನಯಿಸಿ ತೋರಿಸಿ ಎಷ್ಟೋ ಸಲ ನಗಿಸಿದ್ದೇನೆ. ಅವರೂ ನಗುತ್ತಿದ್ದರು, ಬಾಯಿ ಮುಚ್ಚಿಕೊಂಡು, ಭುಜ ಮಾತ್ರ ಕುಲುಕಿಸಿ.

2021ರ ಅಕ್ಟೋಬರಿನ ಒಂದು ಭಾನುವಾರ ಗುರುಸಿದ್ದಪ್ಪನವರು ಆ ಅರ್ಧ ಹೆಜ್ಜೆಗಳಲ್ಲಿ ಪಕ್ಕದಲ್ಲೇ ಇದ್ದ ನಮ್ಮ ಮನೆಗೆ ಬಂದರು. ಒಂದು ಟೈರಿನಲ್ಲಿ ಗಾಳಿ ನಿಲ್ಲುತ್ತಿಲ್ಲವೆಂದು ನಾಲ್ಕನ್ನೂ ಅಂಗಡಿಗೆ ಒಯ್ದಿದ್ದರಂತೆ. ಅಂಗಡಿಯವನು ತೂತನ್ನು ಮುಚ್ಚಿಕೊಟ್ಟು, ಈ ಟೈರುಗಳಿಗೆ ವಯಸ್ಸಾಗಿದೆ, ರಬ್ಬರು ಗಡುಸಾಗಿದೆ, ಹೊಸದು ಹಾಕಿಸಿ ಎಂದನಂತೆ. ಅವರ ಗ್ಯಾರೇಜಿಗೆ ಹೋದೆವು. ಅವರು ಕೌದಿ ಸರಿಸಿ, ಜೇಬಿನ ನಾಣ್ಯ ತೆಗೆದು ಗೀರಿನೊಳಗೆ ತೂರಿಸಿ ನನ್ನ ಮುಖ ನೋಡಿದರು.

“ಎಷ್ಟ್ ಆಳ ಐತಿ ನೋಡ್ರಿ ಬದರಿನಾಥರ. ಹಳೇವಾಗ್ಯಾವ ಅಂತಾನ್ರಿ ಅಂವಾ. ನೀವರ ಒತ್ತಿ ನೋಡ್ರಿ.”

ಟೈರಿನ ವಿಷಯದಲ್ಲಿ ನಾನು ಏನೇನೂ ಅರಿಯದವನು. ಮೈಸೂರಿನಲ್ಲಿ ಸ್ಕೂಟರು, ಇಲ್ಲಿ ಕಂಪನಿಯವರು ಟೈರು ಹಾಕಿಯೇ ಕೊಟ್ಟ ಕಾರು. ಇಷ್ಟೇ ನನ್ನ ಅನುಭವ. ಆದರೂ ನಾಡಿ ಹಿಡಿಯುವ ವೈದ್ಯನ ಗತ್ತಿನಿಂದ ಹೆಬ್ಬೆರಳಲ್ಲಿ ಒತ್ತಿ ಹೇಳಿದೆ: “ಬ್ರ್ಯಾಂಡ್ ನ್ಯೂ ಥರ ಇದೆಯಲ್ಲ ಸರ್! ಅವ್ನಿಗೆ ಸೇಲ್ಸ್ ಆಗ್ಬೇಕು, ಅದಕ್ಕೆ ಹೇಳ್ತಾನೆ. ಸುಮ್ನೆ ಯಾಕೆ ಚೇಂಜ್ ಮಾಡ್ತೀರಾ?”

ಅವರ ಮುಖ ಹಗುರಾಯಿತು. ಅಷ್ಟು ಜೋಪಾನ ಮಾಡಿದ್ದು ಕೆಟ್ಟಿದೆಯೆಂದು ನಂಬಲು ಅವರಿಗೆ ಮನಸ್ಸಿರಲಿಲ್ಲ, ಯಾರಾದರೂ ಹಾಗಲ್ಲ ಎನ್ನಬೇಕಿತ್ತು, ನಾನು ಎಂದೆ. ಚನ್ನಮ್ಮನವರು ಕೊಟ್ಟ ಚಹಾ ಕುಡಿದು, ಶೇಂಗಾ ಹೋಳಿಗೆ ತಿಂದು ಮನೆಗೆ ಬಂದೆ.

ಮುಂದಿನ ಜನವರಿಯ ಒಂದು ಶುಕ್ರವಾರ ಡಯಾಲಿಸಿಸ್ ಕೇಂದ್ರದಿಂದ ಅವರಿಗೆ ಕರೆ ಬಂತು. ನಾಳೆ ಹಿಮವಿದೆ, ರಸ್ತೆ ಕೆಡುತ್ತದೆ, ಇವತ್ತು ಮಧ್ಯಾಹ್ನವೇ ಒಂದು ಕುರ್ಚಿ ಖಾಲಿ ಇದೆ, ಬರುತ್ತೀರಾ ಎಂದು ನರ್ಸು ಕೇಳಿದಳು. ಗುರುಸಿದ್ದಪ್ಪನವರು ಬೇಡವೆಂದರು. ಬರಲು ಆಗದವರು ಎಷ್ಟೋ ಜನ ಇರುತ್ತಾರೆ, ಆ ಕುರ್ಚಿ ಅವರಿಗೆ ಕೊಡಿ, ನಮ್ಮ ಹತ್ತಿರ ಚಳಿಗಾಲದ ಟೈರಿದೆ ಎಂದರು. ಇದನ್ನು ಶ್ರೀಲತಾಳಿಗೆ ಫೋನಿನಲ್ಲಿ ಹೇಳಿದವರು ಚನ್ನಮ್ಮನವರೇ, ಬಹಳ ಅಭಿಮಾನದಿಂದ. ಆ ಸಂಜೆ ಅವರು ಜ್ಯಾಕು ತಿರುಗಿಸುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡೆ. ಅಷ್ಟು ಸಂತೋಷದಲ್ಲಿ ಅವರನ್ನು ಕಂಡದ್ದು ಕಡಿಮೆ. ಹತ್ತು ವರ್ಷ ಕಾದಿಟ್ಟದ್ದು ನಾಳೆ ಕೆಲಸಕ್ಕೆ ಬರುತ್ತದಲ್ಲ.

ಶನಿವಾರ ಬೆಳಗ್ಗೆ ಏಳಕ್ಕೆ ಅವರ ಕರೆ ಬಂತು. “ಸ್ವಲ್ಪ ಬರ್ರಿ. ಗಾಡಿ ಜಾರಿ ನಿಂತೈತಿ,” ಎಂದಷ್ಟೇ ಹೇಳಿದರು. ಬಡಾವಣೆಯ ಬಾಯಿಯಲ್ಲಿರುವ ಇಳಿಜಾರಿನಲ್ಲಿ, ಮನೆಯಿಂದ ಅರ್ಧ ಮೈಲಿಯೂ ಆಗಿರಲಿಲ್ಲ, ಕಾರು ಮೆಲ್ಲಗೆ ಅಡ್ಡ ತಿರುಗಿ ಚರಂಡಿಗೆ ಮೂತಿ ಕೊಟ್ಟು ಕುಳಿತಿತ್ತು. ಪೆಟ್ಟಾಗಿರಲಿಲ್ಲ. ಚನ್ನಮ್ಮನವರು ಹಣೆಯ ತುಂಬ ವಿಭೂತಿ, ಗಲ್ಲಕ್ಕೆ ಜಾರಿದ ಮಾಸ್ಕು, ಮಡಿಲಲ್ಲಿ ಡಯಾಲಿಸಿಸ್‌ನ ಚೀಲ ಹಿಡಿದು ಒಳಗೇ ಕುಳಿತಿದ್ದರು. ಇವರು ಮಾತ್ರ ಹಿಂದಿನ ಟೈರಿನ ಪಕ್ಕ ಮಂಡಿಯೂರಿ, ಕೈಗವಸು ತೆಗೆದು, ರಬ್ಬರನ್ನು ಬೆರಳಿನಿಂದ ಒತ್ತುತ್ತಿದ್ದರು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ನಾನು ಹತ್ತಿರ ಹೋದರೂ ತಲೆ ಎತ್ತಲಿಲ್ಲ.

ಆ ಹಿಮದಲ್ಲಿ ನಮ್ಮ ಕಾರು ಗ್ಯಾರೇಜಿನಿಂದ ಹೊರಬರುವ ಹಾಗಿರಲಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದೆವು. ಸೋಮವಾರ ಹೇಗಾದರೂ ಸೇರಿಸಿಕೊಳ್ಳುತ್ತೇವೆ, ಉಸಿರಿನ ತೊಂದರೆಯಾದರೆ ಕೂಡಲೇ ಆಂಬುಲೆನ್ಸ್ ಕರೆಯಿರಿ ಎಂದರು. ಆಕೆಯನ್ನು ಮನೆಗೆ ಒಯ್ಯುವುದಷ್ಟೇ ಉಳಿದದ್ದು. ನನ್ನ ಮಗಳು ಶ್ರಾವಣಿ ಹಿಮದ ಮೇಲೆ ಎಳೆದಾಡುವ ಪ್ಲಾಸ್ಟಿಕ್ಕಿನ ಕೆಂಪು ಜಾರುಬಂಡಿಯನ್ನು ಮನೆಯಿಂದ ತಂದೆ. ಅದರಲ್ಲಿ ಚನ್ನಮ್ಮನವರನ್ನು ಕೂರಿಸಿ, ಪಾಚಿ ಬಣ್ಣದ ಕೋಟು ಹೊದಿಸಿ, ಹಗ್ಗಕ್ಕೆ ನಾವಿಬ್ಬರೂ ಕೈ ಹಾಕಿ ಎಳೆದೆವು. ಮೊದಲು ಸಂಕೋಚದಿಂದ ಮುದುಡಿ ಕುಳಿತ ಆಕೆ, ಬಿಳಿಯ ಬೀದಿಯಲ್ಲಿ ಬಂಡಿ ನುಣ್ಣಗೆ ಜಾರತೊಡಗಿದಾಗ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು.

“ಚಕ್ಕಡ್ಯಾಗ ಕುಂತಂಗ ಆತ್ರಿ. ಎತ್ತು ಮಾತ್ರ ಎರಡೂ ಮುದುಕ ಅದಾವ!”

ನಾನೂ ನಕ್ಕೆ. ಗುರುಸಿದ್ದಪ್ಪನವರು ನಗಲಿಲ್ಲ. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಪಾದವನ್ನು ಚಪ್ಪಟೆಯಾಗಿ ಊರಿ, ಅರ್ಧ ಅರ್ಧ ಹೆಜ್ಜೆ ಇಡುತ್ತ, ಒಂದು ಸಲವೂ ಜಾರದೆ ಮನೆಯವರೆಗೆ ಎಳೆದರು. ಅವರ ಕಾಲು ಸರಿಯಾಗಿಯೇ ಇತ್ತು, ಕೆಟ್ಟದ್ದು ಟೈರು ಎಂದು ನನಗೆ ಆಗ ಅನಿಸಿತು.

ಭಾನುವಾರ ಮಧ್ಯಾಹ್ನ ಆಕೆಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ತುರ್ತಾಗಿ ಡಯಾಲಿಸಿಸ್ ಮಾಡಿದರು, ಜೀವ ಉಳಿಯಿತು. ಆದರೆ ಆಕೆ ಮತ್ತೆ ಮೊದಲಿನಂತಾಗಲಿಲ್ಲ. ಮಾರ್ಚಿ ತಿಂಗಳಲ್ಲಿ, ಬೀದಿಬದಿಯ ಬ್ರಾಡ್‌ಫರ್ಡ್ ಪಿಯರ್ ಮರಗಳೆಲ್ಲ ಬೆಳ್ಳಗೆ ಹೂ ಬಿಟ್ಟು ನಿಂತಿದ್ದಾಗ, ಚನ್ನಮ್ಮನವರು ತೀರಿಕೊಂಡರು. ಹೃದಯ ವರ್ಷಗಳಿಂದಲೇ ಸೋತಿತ್ತು, ಆ ಒಂದು ಶನಿವಾರದಿಂದ ಆದದ್ದಲ್ಲ ಎಂದು ವೈದ್ಯರು ಎರಡು ಸಲ ಬಿಡಿಸಿ ಹೇಳಿದರು. ಗುರುಸಿದ್ದಪ್ಪನವರು ಎರಡು ಸಲವೂ ತಲೆಯಾಡಿಸಿದರು. ಅವರು ನಂಬಲಿಲ್ಲವೆಂದು ನನಗೆ ಗೊತ್ತು, ಏಕೆಂದರೆ ನಾನೂ ನಂಬಲಿಲ್ಲ.

ಏಪ್ರಿಲಿನಲ್ಲಿ ಆ ಟೈರುಗಳನ್ನು ಗುಜರಿಗೆ ಸಾಗಿಸಲು ನನ್ನನ್ನು ಕರೆದರು. ಪ್ರತಿಯೊಂದರ ಪಕ್ಕೆಯ ಮೇಲೂ ನಾಲ್ಕು ಸಣ್ಣ ಅಂಕಿಗಳ ಸುತ್ತ ಸೀಮೆಸುಣ್ಣದಿಂದ ವೃತ್ತ ಎಳೆದಿದ್ದರು: 3611. 2011ನೆಯ ಇಸವಿಯ ಮೂವತ್ತಾರನೆಯ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ.

“ಎಷ್ಟ್ ಸೇತುವೆಗಳ ವಯಸ್ಸು ಹೇಳೇನ್ರಿ ನಾ,” ಎಂದರು. “ಇಷ್ಟು ಓದಾಕ ಬರಲಿಲ್ಲ.”

ತಿಂಗಳುಗಳಿಂದ ಹೇಳಬೇಕೆಂದಿದ್ದುದನ್ನು ನಾನು ಆಡಿಬಿಟ್ಟೆ. “ಸರ್, ಹೊಸದರ ಥರ ಇದೆ, ಚೇಂಜ್ ಮಾಡ್ಬೇಡಿ ಅಂದಿದ್ದು ನಾನೇ ಅಲ್ವ.”

ಅವರು ಕೌದಿಯನ್ನು ಮಡಚುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಮಡಿಕೆಯ ಮೇಲೆ ಅಂಗೈ ಆಡಿಸಿ ಹೇಳಿದರು: “ನೀವು ಏನ್ ಅಂದ್ರೆಪಾ, ನನಗೇನೂ ನೆನಪಿಲ್ಲ ನೋಡ್ರಿ.”

1994ರಲ್ಲಿ ನೋಡಿದ ಸೇತುವೆಯ ಮೂರನೆಯ ಕಂಬದ ಬಿರುಕನ್ನು ಇಂದಿಗೂ ನೆನಪಿಟ್ಟುಕೊಂಡವರು ಅವರು. ಆ ಸುಳ್ಳಿಗಾಗಿ ನಾನು ಅವರಿಗೆ ಬದುಕಿರುವತನಕ ಋಣಿ. ಕೌದಿಯನ್ನು ಈಗ ಅವರೇ ಹೊದೆಯುತ್ತಾರೆ. ಮೂರು ನಾಲ್ಕು ಸಲ ಒಗೆದರೂ ರಬ್ಬರಿನ ವಾಸನೆ ಹೋಗಿಲ್ಲ.

ಅಲ್ಲಿಂದ ಅವರಿಗೊಂದು ಹೊಸ ಅಭ್ಯಾಸ ಅಂಟಿತು. ಸಂಘದ ಯುಗಾದಿಯಾಗಲಿ, ಯಾರದೋ ಗೃಹಪ್ರವೇಶವಾಗಲಿ, ಊಟಕ್ಕೆ ಮೊದಲು ಪಾರ್ಕಿಂಗಿನಲ್ಲಿ ನಿಂತ ಕಾರುಗಳ ಬಳಿ ಒಂದೊಂದಾಗಿ ಬಗ್ಗಿ, ಕನ್ನಡಕ ಹಣೆಗೇರಿಸಿ, ಟೈರಿನ ಅಂಕಿಗಳನ್ನು ಓದುತ್ತ ಹೋಗುತ್ತಾರೆ. ಒಮ್ಮೆ ಶ್ರಾವಣಿ ಕೇಳಿದಳು, “ಅಂಕಲ್, ಏನಾದ್ರೂ ಕಳೆದುಹೋಯ್ತಾ? ಕ್ಯಾನ್ ಐ ಹೆಲ್ಪ್?” ಅವರು ಅವಳ ತಲೆ ಸವರಿ, “ಏನಿಲ್ಲವಾ, ವಯಸ್ಸು ನೋಡಾಕತ್ತೇನಿ,” ಎಂದರು. ತುಂಬ ಹಳೆಯದಾಗಿದ್ದರೆ ಆ ಕಾರಿನ ಒಡೆಯನನ್ನು ಹುಡುಕಿ, ಪಕ್ಕಕ್ಕೆ ಕರೆದು, ತಪ್ಪು ಮಾಡಿದವರ ದನಿಯಲ್ಲಿ ತಿಳಿಸುತ್ತಾರೆ. ಹುಡುಗರು ಹಿಂದಿನಿಂದ ನಗುತ್ತಾರೆ. ಅವರನ್ನು ಅಭಿನಯಿಸಿ ತೋರಿಸುವುದನ್ನು ನಾನು ಬಿಟ್ಟಿದ್ದೇನೆ.

ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ಬಂದವರು ಶ್ರೀಲತಾಳ ಕೈಗೆ ಒಂದು ಇಳಕಲ್ ಸೀರೆ ಕೊಟ್ಟರು. ಚನ್ನಮ್ಮನವರ ಟ್ರಂಕಿನಲ್ಲಿತ್ತಂತೆ, ಕಸಿಗೆ ಕಿಡ್ನಿ ಸಿಕ್ಕಿ, ಮೈ ನೆಟ್ಟಗಾದ ಮೇಲೆ ಉಡಬೇಕೆಂದು ಆಕೆ ತೆಗೆದಿಟ್ಟದ್ದು. ಮಡಿಕೆ ಕೂಡ ಬಿಚ್ಚಿರಲಿಲ್ಲ.

“ಇಡಬ್ಯಾಡ್ರಿ ತಂಗಿ. ಉಡ್ರಿ. ಉಟ್ಟು ಹರೀರಿ.”

“ಖಂಡಿತ ಅಂಕಲ್,” ಎಂದಳು ಶ್ರೀಲತಾ, ಕಣ್ಣು ಒರೆಸಿಕೊಂಡು. ಅವರು ಹೋದ ಮೇಲೆ ಸೀರೆಯನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿನ ಅರೆಯಲ್ಲಿಟ್ಟಳು. “ಎಷ್ಟು ಚೆನ್ನಾಗಿದೆ ರೀ, ಸುಮ್ನೆ ಉಟ್ಟು ಹಾಳ್ಮಾಡೋದ್ಯಾಕೆ. ಶ್ರಾವಣಿ ಗ್ರಾಜುಯೇಷನ್‌ಗೆ ಉಡ್ತೀನಿ.” ಕಪಾಟಿನ ಬಾಗಿಲನ್ನು ನಾನೇ ಮುಚ್ಚಿದೆ.

ಗುರುಸಿದ್ದಪ್ಪನವರಂಥವರನ್ನು ಜಿಪುಣರೆಂದು ಕರೆಯುವುದು ಸುಲಭ, ನಾನೇ ಕರೆದಿದ್ದೇನೆ. ತಮಗಾಗಿ ಅವರು ಏನನ್ನೂ ಕೂಡಿಟ್ಟವರಲ್ಲ. ತಮ್ಮವರ ಕಷ್ಟದ ದಿನವೊಂದು ಎಲ್ಲೋ ಮುಂದೆ ಕಾದಿದೆಯೆಂದು ಬಲ್ಲ ಇವರು, ಇದ್ದುದರಲ್ಲಿ ಒಳ್ಳೆಯದನ್ನೆಲ್ಲ ಆ ದಿನಕ್ಕೆಂದು ತೊಳೆದು, ಒರೆಸಿ, ಬೆಚ್ಚಗೆ ಸುತ್ತಿಡುತ್ತಾರೆ. ಸುತ್ತಿಟ್ಟದ್ದು ಸುತ್ತಿಟ್ಟಲ್ಲೇ ಮುದಿಯಾಗುತ್ತಿರುತ್ತದೆ. ಅದನ್ನು ಅವರಿಗೆ ಹೇಳುವವನು ಒಬ್ಬ ಎಲ್ಲಾದರೂ ಸಿಕ್ಕೇ ಸಿಗುತ್ತಾನೆ. ಅವನ ಮಾತು ನಂಬಬೇಡಿ ಎನ್ನಲು ನನ್ನಂಥ ಸ್ನೇಹಿತನೊಬ್ಬ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾನೆ.