ಹವಾಲ್ದಾರರು ಒಗೆದ ಬಟ್ಟೆ

ಬೆಳಕು ಹರಿಯುವ ಮೊದಲೇ ಹವಾಲ್ದಾರ್ ಕುಶಾಲಪ್ಪನವರು ಬಚ್ಚಲಿನ ಹಂಡೆಗೆ ಬೆಂಕಿ ಹಾಕಿ, ನೀರುದೋಸೆಗೆ ಅಕ್ಕಿ ರುಬ್ಬಿ, ಪಾರ್ಶ್ವವಾಯು ಬಡಿದು ಮಲಗಿರುವ ಹೆಂಡತಿ ದಮಯಂತಿಯವರ ಮೈ ಒರೆಸಿ, ಮಗ್ಗುಲು ತಿರುಗಿಸಿ ಬೆನ್ನಿಗೆ ಪೌಡರ್ ಹಚ್ಚಿ, ಒದ್ದೆಯಾದ ಹಾಸುಬಟ್ಟೆಗಳನ್ನು ಒಗೆದು ಹರವಿ, ಸೊಸೆ ತೃಷಾಳ ಬುತ್ತಿ ಕಟ್ಟಿ ಮುಗಿಸಿರುತ್ತಾರೆ. ಶಿರ್ತಾಡಿಯಿಂದ ಮೂಡಬಿದ್ರೆಗೆ ಹೋಗುವ ಮೊದಲ ಬಸ್ಸಿಗೆ ತೃಷಾ ಓಡಬೇಕು. ಅಲ್ಲಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷಿಸುವ ಕೆಲಸ ಅವಳದು. ಗಂಡ ಚಿದಾನಂದ ಮಸ್ಕತ್ತಿನಲ್ಲಿ.

ಹಿಮಕ್ಕೆ ಎರಡು ಬೆರಳು ಕೊಟ್ಟು ಬಂದ ಎಡಗಾಲನ್ನು ತುಸು ಎಳೆದು ನಡೆಯುವ ಈ ಎತ್ತರದ ಮನುಷ್ಯ, ಬೆವರಿಳಿಯುವ ಸೆಕೆಯಲ್ಲೂ ಪಲ್ಟನಿನ ಹಸಿರು ಸ್ವೆಟರನ್ನು ಬಿಡುವವರಲ್ಲ. ಹಗ್ಗದ ಮೇಲೆ ಸೀರೆ, ರವಿಕೆ, ಹಾಸುಬಟ್ಟೆಗಳನ್ನು ಅಂಚಿಗೆ ಅಂಚು ಕೂಡಿಸಿ, ಕವಾಯತಿಗೆ ನಿಲ್ಲಿಸಿದ ಹಾಗೆ ಹರವುತ್ತಾರೆ. ಆದರೆ ಈ ಕೆಲಸವನ್ನು ಅವರು ಕಲಿತದ್ದು ಸೈನ್ಯದಲ್ಲಲ್ಲ. ಮಲಗಿದಲ್ಲಿಂದಲೇ ದಮಯಂತಿಯವರು ಕಲಿಸಿದ್ದು.

"ಮಿಲಿಟ್ರಿಯಲ್ಲಿ ಬಟ್ಟೆ ಹಿಂಡ್ಲಿಕ್ಕೆ ಹೇಳಿಕೊಡ್ಲಿಲ್ವಾ ಮಾರಾಯ್ರೆ? ನೀರು ಸೋರ್ತಾ ಉಂಟು," ಎಂದು ಅವರು ಬಾಯಿಯ ಒಂದೇ ಬದಿಯಲ್ಲಿ ನಗುತ್ತಾರೆ.

ನೋಡಲು ಬಂದ ನೆರೆಮನೆಯ ಅಮ್ಮಣ್ಣಿ ಒಮ್ಮೆ, "ಇಂಥ ಗಂಡ ಸಿಗ್ಬೇಕಾದ್ರೆ ಪುಣ್ಯ ಮಾಡಿರ್ಬೇಕು," ಎಂದರು.

"ನಾನು ಕಾಶ್ಮೀರದಲ್ಲಿದ್ದಾಗ ಇವಳು ನನ್ನ ಅಮ್ಮನನ್ನು ವರ್ಷಗಟ್ಟಲೆ ಎತ್ತಿ ಮಲಗಿಸಿದ್ಳು. ಆಗ ಪುಣ್ಯದ ಮಾತು ಹೇಳ್ಲಿಕ್ಕೆ ನೀವು ಬರ್ಲಿಲ್ಲ ಅಲ್ವಾ ಅಮ್ಮಣ್ಣಿಯಕ್ಕ?" ಎಂದು ಕುಶಾಲಪ್ಪನವರು ದೋಸೆ ಮಗುಚಿದರು.

ಅವರಿಗೂ ಒಂದು ಆಸೆ ಇತ್ತು. ಅಳದಂಗಡಿಯಲ್ಲಿರುವ ತಾಯಿಯ ಕುಟುಂಬದ ಮನೆಯಲ್ಲಿ, ವರ್ಷಕ್ಕೊಮ್ಮೆ ದೈವ ಕಟ್ಟಿ ಕುಣಿಯುವ ನೇಮದ ದಿನ, ದೈವದ ಎದುರು ಎಲ್ಲರ ಪರವಾಗಿ ಕತ್ತಿ ಹಿಡಿದು ನಿಲ್ಲುವ ಗಡಿಪ್ರಧಾನನಾಗಬೇಕೆಂಬ ಆಸೆ. ಸೋದರಮಾವ ಹಾಗೆ ನಿಂತದ್ದನ್ನು ಚಿಕ್ಕಂದಿನಲ್ಲಿ ಕಂಡವರು. ಎದೆಗೆ ಪದಕ ಚುಚ್ಚಿಸಿಕೊಂಡ ದಿನವೂ ಅವರ ಮನಸ್ಸಿನಲ್ಲಿದ್ದದ್ದು ಆ ಕತ್ತಿಯೇ. ಮಾವ ತೀರಿಕೊಂಡ ಮೇಲೆ ಖಾಲಿ ಉಳಿದಿದ್ದ ಆ ಸ್ಥಾನಕ್ಕೆ ಈ ವರ್ಷ ಅವರ ಹೆಸರೇ ಬಂತು. ಆದರೆ ಆ ಮನೆಯ ಕಟ್ಟಳೆಯಂತೆ, ಗಡಿ ಏರಿದವರು, ಎಂದರೆ ಆ ಸ್ಥಾನ ವಹಿಸಿಕೊಂಡವರು, ರೋಗಿಯ ಹಾಸಿಗೆಯನ್ನಾಗಲಿ ಮೈಲಿಗೆಯ ಬಟ್ಟೆಯನ್ನಾಗಲಿ ಮುಟ್ಟುವಂತಿಲ್ಲ. ಹೋಮ್ ನರ್ಸ್ ಎಂದು ಬಂದವರು ಯಾರೂ ಶಿರ್ತಾಡಿಯಲ್ಲಿ ನಿಂತಿರಲಿಲ್ಲ.

"ಒಗೆಯುವುದು, ಒರೆಸುವುದು ಎಲ್ಲ ಇನ್ನು ಸೊಸೆಗೆ ಬಿಡಿ ಅಣ್ಣ," ಎಂದರು ತಮ್ಮ ಲೋಕನಾಥ. "ಕೆಲಸ ಬಿಡ್ಲಿ. ಅವಳೇನು ಜಿಲ್ಲಾಧಿಕಾರಿಯಾ?"

ತೃಷಾ ತಾನಾಗಿಯೇ ಬಂದು, "ಮಾವ, ನಾನು ಕೆಲಸ ಬಿಡ್ತೇನೆ. ನಿಮ್ಮ ಆಸೆ ನನಗೆ ಗೊತ್ತುಂಟು," ಎಂದಳು. "ಒಪ್ಪಿಕೊಳ್ಳಿ," ಎಂದರು ದಮಯಂತಿಯವರೂ. ಬೇಡ ಎನ್ನುವವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಹೆಂಗಸರು 'ಆಗಲಿ' ಎಂದದ್ದನ್ನು ಮೆಟ್ಟಿಲು ಮಾಡಿಕೊಂಡು ದೊಡ್ಡವರಾದ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರು ಬಲವಂತ ಮಾಡಿರುವುದಿಲ್ಲ. ಹೇಳಿದ್ದನ್ನು ಕೇಳಿಸಿಕೊಂಡು ಸುಮ್ಮನಿರುತ್ತಾರೆ, ಅಷ್ಟೇ. ಆ 'ಆಗಲಿ'ಗೆ ಹೇಳಿದವಳು ಏನನ್ನು ತೆರುತ್ತಾಳೆ ಎಂದು ಕಾಣಬಲ್ಲವರು ಅಪರೂಪ. ಕಂಡ ಮೇಲೆ ತನ್ನ ಆಸೆಯನ್ನೇ ಬದಿಗಿಡುವವರು ಇನ್ನೂ ಅಪರೂಪ.

ಕುಟುಂಬ ಸೇರಿದ ಭಾನುವಾರ, ತೃಷಾ ಮನೆಯಲ್ಲಿದ್ದ ದಿನ, ಕುಶಾಲಪ್ಪನವರು ಯಾರಿಗೂ ಏನೂ ಹೇಳದೆ, ಒಬ್ಬರೇ ಬಸ್ಸು ಹತ್ತಿ ಅಳದಂಗಡಿಗೆ ಹೋದರು. ದೈವದ ಕೋಣೆಯ ಹೊಸ್ತಿಲ ಹೊರಗೇ ನಿಂತು, ಮಣೆಯ ಮೇಲಿದ್ದ ಕತ್ತಿಯನ್ನು ಕಣ್ಣು ತುಂಬ ನೋಡಿ, ಕೈಮುಗಿದರು.

"ಇದನ್ನು ನೀನು ಹಿಡಿ ಲೋಕನಾಥ," ಎಂದರು. "ನನಗೆ ಮನೆಯಲ್ಲಿ ಕೆಲಸ ಉಂಟು."