ನೀಲಿ ಗೆರೆ ಮತ್ತು ಒದ್ದೆ ಟವೆಲ್

ನಡುರಾತ್ರಿ ‘ಟಕ್’ ಎಂದಿತು. ಹಿಂದೆಯೇ ಏನೋ ಪುರುಪುರು ಉದುರಿದ ಸದ್ದು. ಇಲಿ ಕೆಮ್ಮಿದರೂ ಎಚ್ಚರಾಗುವ ಜಾತಿ ನನ್ನದು. ಎದ್ದು ದೀಪ ಹಾಕಿದೆ. ಮಹಾ ಕಲಾವಿದರೊಬ್ಬರು ಕೊನೆಯುಸಿರೆಳೆದ, ಈಗ ಬಂದವರಿಗೆ ಬಾಡಿಗೆಗೆ ಕೊಡುವ ಆ ಹಳ್ಳಿಮನೆಯ ಕೋಣೆಯಲ್ಲಿ ನನ್ನ ಗಂಡ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

ಗೋಡೆಯ ಮೊಳೆ ನೆಲದ ಮೇಲಿತ್ತು. ಮೊಳೆಯ ಜೊತೆ ಗಂಡನ ಒದ್ದೆ ಟವೆಲ್. ಟವೆಲ್ಲಿನ ಮೇಲೆ, ಗಾರೆಯ ಸಮೇತ ಪುಡಿಪುಡಿಯಾಗಿ, ಕಲಾವಿದರ ಕೊನೆಯ ಗೆರೆ.

ಸಾಯುವ ಮುನ್ನ ಅವರು ಹಾಸಿಗೆಯಿಂದಲೇ ಕೈ ಚಾಚಿ ಗೋಡೆಗೆ ಎಳೆದದ್ದಂತೆ ಅದು, ಗೇಣುದ್ದದ ನೀಲಿ. ಅದರ ಮೇಲೆ ನನ್ನವರು ಇಡೀ ಪುಸ್ತಕ ಬರೆದಿದ್ದಾರೆ. ಗೇಣುದ್ದದ ಗೆರೆಗೆ ಅಷ್ಟು ಪುಟ ತುಂಬಿಸಲು ಪ್ರತಿಭೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಆ ಗೆರೆಯ ನೆತ್ತಿಯ ಮೇಲಿದ್ದ ಮೊಳೆಗೆ ಟವೆಲ್ ನೇತುಹಾಕುವಾಗ ಮಾತ್ರ ಅವರಿಗೆ ಗೆರೆ ಕಾಣಿಸಲಿಲ್ಲ.

ಬೆಳಗ್ಗೆ ಪ್ರಕಾಶಕರು ಬರುವವರಿದ್ದರು. ಗೆರೆಯ ಎದುರೇ ನಿಂತು ವಿವರಿಸಿ, ಒಪ್ಪಿಗೆಯಾದರೆ ಅಚ್ಚು ಹಾಕುತ್ತೇನೆ ಎಂದಿದ್ದರು. ಉಳಿದವರೆಲ್ಲ ಹಸ್ತಪ್ರತಿಯನ್ನು ವಾಪಸು ಮಾಡಿಯಾಗಿತ್ತು. ಅಂದಿನಿಂದ ಇವರು ಊಟಕ್ಕೆ ಕೂತರೂ ತಟ್ಟೆ ಬಿಟ್ಟು ಎಲ್ಲೋ ನೋಡುತ್ತಿದ್ದರು. ಇದೂ ಕೈಕೊಟ್ಟರೆ ಮತ್ತೆ ಪೆನ್ನು ಹಿಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಎಬ್ಬಿಸಲಿಲ್ಲ. ಬಾಡಿಗೆ ಮನೆಗಳಲ್ಲೇ ಬದುಕಿದವಳು ನಾನು; ಮನೆ ಖಾಲಿ ಮಾಡುವಾಗ ಮೊಳೆಯ ತೂತಿಗೆ ಟೂತ್‌ಪೇಸ್ಟ್ ಮೆತ್ತಿ ಮಾಲೀಕರ ಕಣ್ಣು ತಪ್ಪಿಸಿದ ಅನುಭವವಿದೆ. ಟ್ಯೂಬು ಪೂರ್ತಿ ಖಾಲಿಯಾಯಿತು. ಮೊಳೆಯನ್ನೂ ಅದರಲ್ಲೇ ನೆಟ್ಟೆ. ಹೊರಗಿನ ಹಜಾರದಲ್ಲಿ, ಮನೆಯೊಡತಿ ಕಿಟಕಿಗೆಂದು ಹೇಳಿ ಇಟ್ಟಿದ್ದ ನೀಲಿ ಬಣ್ಣದ ಡಬ್ಬ, ಬ್ರಷ್ಷು. ಉಸಿರು ಬಿಗಿಹಿಡಿದು ಗೆರೆ ಎಳೆದೆ. ಕೈ ನಡುಗಿತು. ಸಾಯುವವರ ಗೆರೆ, ನಡುಗಿದರೆ ಒಳ್ಳೆಯದೇ ಎಂದುಕೊಂಡೆ.

“ನೋಡಿ ಸರ್, ಇಲ್ಲಿ ನಡುಗಿದೆ,” ಎಂದರು ಬೆಳಗ್ಗೆ ನನ್ನವರು. “ಸಾವನ್ನ ಕಂಡ ಕೈ ಮಾತ್ರ ಹೀಗೆ ನಡುಗೋಕೆ ಸಾಧ್ಯ.”

“ಫೋಟೋದಲ್ಲಿ ಇಷ್ಟು ಹೊಳಪಿರಲಿಲ್ವಲ್ರೀ?” ಪ್ರಕಾಶಕರು ಬೆರಳು ಚಾಚಿದರು.

“ಮುಟ್ಬೇಡಿ!” ಕಿರುಚಿಯೇ ಬಿಟ್ಟೆ.

“ನೋಡಿದ್ರಾ ಸರ್, ಇವಳಿಗೂ ಇದರ ಪಾವಿತ್ರ್ಯ ತಟ್ಟಿದೆ! ಇದು ಫೋಟೋಗೆ ಸಿಗೋ ನೀಲಿ ಅಲ್ಲ...” ಎನ್ನುತ್ತ ಇವರು ಕಣ್ಣು ತುಂಬಿಕೊಂಡರು. ಗೆರೆಯ ಕಥೆ ಏನೇ ಇರಲಿ, ಆ ಕಣ್ಣೀರು ಅಸಲಿಯಾಗಿತ್ತು.

ಪ್ರಕಾಶಕರು ಕನ್ನಡಕ ಒರೆಸಿಕೊಂಡರು. “ಅಚ್ಚು ಹಾಕೋಣ. ಮುಖಪುಟಕ್ಕೂ ಇದೇ ಗೆರೆ.”

ಗಂಡಸರು ಹೊರಗೆ ಹೋದ ಮೇಲೆ ಲೋಟ ಒಯ್ಯಲು ಬಂದ ಮನೆಯೊಡತಿ ಗೋಡೆಯ ಹತ್ತಿರ ಮೂಗು ಅರಳಿಸಿದಳು.

“ಏನು ತಂಗೀ, ಪೇಸ್ಟಾ?”

ನಾನು ಸುಣ್ಣಕ್ಕಿಂತ ಬೆಳ್ಳಗಾದೆ.

“ಹೆದರ್ಕೋಬೇಡ. ಹೋದ ಸಲ ಒಬ್ಬ ಪ್ರೊಫೆಸರ್ ಹೆಂಡ್ತಿ ಸೋಪು ಮೆತ್ತಿದ್ಲು. ಅದಕ್ಕಿಂತ ಇದು ವಾಸಿ. ಬಂದ ಗಂಡಸರೆಲ್ಲಾ ಆ ಮೊಳೆಗೇ ಟವೆಲ್ ಹಾಕ್ತಾರೆ.”

“ಆ ಮೊಳೆ ಕಿತ್ತು ಬಿಸಾಕಬಾರದಾ ಅಕ್ಕ?”

“ಅಯ್ಯೋ, ಕಲಾವಿದರು ಕೈಯಾರೆ ಹೊಡೆದ ಮೊಳೆಯಂತೆ! ಮುಟ್ಟೋ ಹಾಗಿಲ್ಲ ಅಂತ ಊರಿನ ಕಮಿಟಿಯೋರ ಅಪ್ಪಣೆ. ಅದಕ್ಕೇ ನಿಮ್ಮಂಥೋರಿಗೆ ಅಂತ ಬಣ್ಣದ ಡಬ್ಬ ಹೊರಗಿಟ್ಟಿರ್ತೀನಿ. ಇಲ್ಲದಿದ್ರೆ, ನಮ್ಮ ಕಿಟಕಿಗೆ ಬಣ್ಣ ಬಳಿದು ಯಾವ ಕಾಲವಾಯ್ತೋ!”

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಬುತ್ತಿಯನ್ನು ಪೂರ್ತಿ ತಿಂದರು. ಕೈ ತೊಳೆದು, “ಆ ಗೆರೆ ಎಳೆಯೋವಾಗ ಆ ಮನಸ್ಸಲ್ಲಿ ಏನಿತ್ತೋ! ನಿನಗೆ ಇದೆಲ್ಲ ತಲೆಗೆ ಹೋಗಲ್ಲ ಬಿಡು,” ಎಂದರು.

ಆ ಮನಸ್ಸಲ್ಲಿ ಇದ್ದದ್ದು ಇಷ್ಟೇ: ಪೇಸ್ಟು ಬೆಳಗಾಗುವುದರೊಳಗೆ ಒಣಗಲಿ. ಖಾಲಿ ಬುತ್ತಿಯ ಮುಚ್ಚಳ ಹಾಕಿದೆ. ಉಗುರ ಸಂದಿಯ ನೀಲಿಯನ್ನು ಕೆರೆದು ಕಿಟಕಿಯಾಚೆ ಹಾರಿಸಿದೆ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಪುಸ್ತಕ ಬಿಡುಗಡೆಯ ದಿನ ಮೊದಲ ಸಾಲಿನಲ್ಲಿ ಕೂತು, ನನ್ನ ಕೈನಡುಕಕ್ಕೆ ನಾನೇ ಚಪ್ಪಾಳೆ ತಟ್ಟುವಾಗಲೂ.