ಆದೆಮ್ಮನ ಕಾಲುವೆ ಆಟ

ಮುಕ್ಕುಂದದಲ್ಲಿ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಪಾಸಾದರೆ ಮನೆಯವರಿಗಿಂತ ಮೊದಲು ಊರಿಗೆ ಚಿಂತೆ ಹತ್ತುತ್ತದೆ. ೧೯೯೬ರಲ್ಲಿ ಪಂಪಣ್ಣನ ಮಗಳು ಆದೆಮ್ಮ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗಲೂ ಹಾಗೇ ಆಯಿತು. ಮದುವೆ ಮಾಡು ಎಂದರು ಕೆಲವರು, ಹೊಲಿಗೆ ಕಲಿಸು ಎಂದರು ಕೆಲವರು. ಆಡುವ ಆಟಗಳನ್ನು ಕಟ್ಟುವ ವಿದ್ಯೆ ಓದುತ್ತೇನೆ ಎಂದಳು ಆದೆಮ್ಮ. ಕಟ್ಟೆಯ ಮೇಲಿದ್ದವರು ಬಿದ್ದುಬಿದ್ದು ನಕ್ಕರು. ಸಂಜೆಯಾದರೆ ಅವರೇ ಅವಳು ಕಟ್ಟಿದ ಕಾಲುವೆ ಆಟಕ್ಕೆ ಹುಣಸೆಬೀಜ ಹಿಡಿದು ಕೂರುತ್ತಿದ್ದರು, ಆ ಮಾತು ಬೇರೆ.

ಆಟ ಸರಳ. ಸುಣ್ಣದಲ್ಲಿ ಬರೆದ ಕಾಲುವೆ, ಅದರ ಗುಂಟ ಆರು ಹೊಲ. ಕೈಯಲ್ಲಿ ಹತ್ತು ಹುಣಸೆಬೀಜ, ಅದೇ ನೀರು; ಮೇಲಿನಿಂದ ಶುರುಮಾಡಿ ಆರೂ ಹೊಲಕ್ಕೆ ಮುಟ್ಟಿಸಬೇಕು. ಮೇಲಿನ ಹೊಲಕ್ಕೇ ಸುರಿದವನು ಕೊನೆಯ ಹೊಲ ಒಣಗಿಸಿ ಸೋಲುತ್ತಾನೆ. ಪಂಪಣ್ಣನ ಎರಡೆಕರೆ ಇದ್ದದ್ದೇ ಕಾಲುವೆಯ ಕೊನೆಗೆ. ನೀರು ಕದಿಯುವ ಮೇಲಿನವರನ್ನು ದಿನವೂ ಬಯ್ಯುವವನು, ಆಟಕ್ಕೆ ಕೂತರೆ ತಾನೂ ಮೇಲಿನ ಹೊಲಕ್ಕೇ ಸುರಿದು ಸೋಲುತ್ತಿದ್ದ.

ಮಗಳ ಆಸೆಗೆ ಅವನು ಇಲ್ಲ ಅನ್ನಲಿಲ್ಲ. ಸಿಂಧನೂರಿನಲ್ಲಿ ಖಾಸಗಿ ಕಂಪ್ಯೂಟರ್ ಶಾಲೆಯೊಂದನ್ನು ನೋಡಿಬಂದ. ಗಾಜಿನ ಬಾಗಿಲು, ಒಳಗೆ ತಂಪು, ಕಂಪ್ಯೂಟರಿನಲ್ಲಿ ಆಟ ಕಟ್ಟುವ ಕೋರ್ಸೂ ಇದೆಯಂತೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪಂಪಣ್ಣ ಕರಗಿದ್ದೇ ಅದಕ್ಕೆ. ಒಂದೆಕರೆ ಮಾರಿ ಮೊದಲ ವರ್ಷದ ಫೀಸು ಕಟ್ಟುವುದೆಂದು ಮಾತು ಕೊಟ್ಟೇ ಬಂದ.

ಸುದ್ದಿ ಕೇಳಿ ಗಣಿತ ಕಲಿಸುವ ಮೆಹರಬಾನು ಅಕ್ಕೋರು ಮನೆಗೆ ಬಂದರು. ಆಟ ಎಂದು ಬೋರ್ಡು ಹಾಕಿದ ಕಾಲೇಜೇ ಬೇಕೆಂದಿಲ್ಲ, ಆಟ ಕಟ್ಟಲು ಬೇಕಾದದ್ದು ಗಣಿತ, ಚಿತ್ರ, ಕಂಪ್ಯೂಟರು ಎಂದರು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಕಂಪ್ಯೂಟರ್ ಡಿಪ್ಲೊಮಾ ಇದೆ, ಫೀಸು ಕಡಿಮೆ. ತಹಶೀಲ್ದಾರ್ ಕಚೇರಿಯಿಂದ ಜಾತಿ, ಆದಾಯದ ಪ್ರಮಾಣಪತ್ರ ತಂದರೆ ಹಾಸ್ಟೆಲ್ಲಿಗೂ ಸ್ಕಾಲರ್‌ಶಿಪ್ಪಿಗೂ ಅರ್ಜಿ ಹಾಕಬಹುದು.

"ಸರಕಾರಿ ಅಂದ್ರ ಅಗ್ಗದ್ದು ಅಕ್ಕೋರ. ಅಲ್ಲಿ ನೋಡ್ರಿ, ಗುಡಿಯಾಂಗ ಚಪ್ಪಲಿ ಬಿಡಿಸ್ತಾರ. ಚಪ್ಪಲಿ ಬಿಡಿಸೋ ಜಾಗದಾಗ ಮೋಸ ಇರಾಂಗಿಲ್ಲ," ಎಂದ ಪಂಪಣ್ಣ.

"ಚಪ್ಪಲಿ ಬಿಡಿಸೋದು ಕಂಪ್ಯೂಟರಿಗೆ ಧೂಳು ಕೂಡಬಾರದಂತ, ಪಂಪಣ್ಣ. ಸರಕಾರದ ಮಾನ್ಯತೆ ಕಾಗದ ಐತೇನು ಅಂತ ಕೇಳೀಯೇನು?"

ಅವನು ಕೇಳಿರಲಿಲ್ಲ. ಆದೆಮ್ಮ ನೆಲದ ಮೇಲೆ ಕಾಲುವೆ ಬರೆದು ಅಪ್ಪನ ಕೈಗೆ ಹತ್ತು ಬೀಜ ಕೊಟ್ಟಳು. ಮೂರನೇ ಹೊಲಕ್ಕೇ ಅವನ ಕೈ ಬರಿದಾಯಿತು.

"ಯಪ್ಪಾ, ಮ್ಯಾಲಿನವ್ರಿಗೆ ಬೈತಿ, ನೀನೂ ಅದನ್ನ ಮಾಡಾಕತ್ತಿ. ಇರೋದ್ರಾಗ ಅರ್ಧ ಹೊಲ ಮೊದಲ್ನೇ ವರ್ಷಕ್ಕ ಸುರುವಿದ್ರ ಮುಂದ ನಾ ಎಲ್ಲಿ ನಿಲ್ಲಲಿ? ನಾ ಓದೂದು ಬಿಡಾಂಗಿಲ್ಲ. ನಿನಗ ಹೊಲ ಮಾರಾಕೂ ಬಿಡಾಂಗಿಲ್ಲ."

ಅವ್ವ ಕರೆಮ್ಮ ಒಲೆಯ ಮುಂದಿನಿಂದ ಎದ್ದು ಬಂದು ಮಗಳ ಪಕ್ಕದಲ್ಲಿ ಕೂತಳು. ಪಂಪಣ್ಣನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು.

ಮರುದಿನ ಮಗಳನ್ನು ಕರೆದುಕೊಂಡು ಆ ಶಾಲೆಗೆ ಹೋದ. ಬಾಗಿಲಲ್ಲೇ ನಿಂತು ಮಾನ್ಯತೆ ಕಾಗದ ಕೇಳಿದ. ಮೇಜಿನ ಮನುಷ್ಯ ಕಾಗದ ಬರಲಿದೆ ಎಂದ, ಸೀಟು ಎರಡೇ ಉಳಿದಿವೆ ಎಂದ, ಕೊನೆಗೆ ಚಪ್ಪಲಿ ಬಿಟ್ಟು ಬಂದು ಕೂರಿ ಎಂದ.

"ಚಪ್ಪಲಿ ಬಿಡಾಂಗಿಲ್ಲ," ಎಂದ ಪಂಪಣ್ಣ. "ಕಾಗದ ಬಂದ ದಿನ ನೋಡೂಣು. ನನ್ನ ಹೊಲ ನಂದ, ನನ್ನ ಮಗಳ ಓದೂ ನಂದ."

ಅಲ್ಲಿಂದ ಅಪ್ಪ ಮಗಳು ನೇರ ತಹಶೀಲ್ದಾರ್ ಕಚೇರಿಗೆ ಹೋಗಿ ಪ್ರಮಾಣಪತ್ರದ ಸಾಲಿನಲ್ಲಿ ನಿಂತರು. ಆ ವರ್ಷವೇ ಆದೆಮ್ಮ ಪಾಲಿಟೆಕ್ನಿಕ್ ಸೇರಿದಳು. ಟ್ರಂಕಿನಲ್ಲಿ ಹತ್ತು ಹುಣಸೆಬೀಜ ಇಟ್ಟುಕೊಂಡೇ ಹೋದಳು. ಎರಡೆಕರೆಯೂ ಉಳಿಯಿತು.

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಮಕ್ಕಳು ಊರು ಕೇಳರಿಯದ ಓದು ಬೇಕೆಂದರೆ ನಗಬೇಡಿ, ಹೆದರಿ ಹೊಲವನ್ನೂ ಮಾರಬೇಡಿ. ಮೊದಲು ಶಾಲೆಯ ಮೇಷ್ಟ್ರನ್ನು ಕೇಳಿ. ಸರ್ಕಾರಿ ಕಾಲೇಜಿನ ಅರ್ಜಿ ತನ್ನಿ, ಪ್ರಮಾಣಪತ್ರ ಮಾಡಿಸಿ, ಕೊನೆಯ ವರ್ಷದವರೆಗಿನ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಬಾಗಿಲು ಎಷ್ಟೇ ಹೊಳೆಯಲಿ, ಕಾಗದ ನೋಡುವ ತನಕ ಚಪ್ಪಲಿ ಬಿಡಬೇಡಿ.